ಸುಧಾಕರಣ್ಣ ನೋಡಿದ ಆಟ

ಕಳೆದ ತಿಂಗಳು ಒಂದು ಭಾನುವಾರ ಲಂಡನ್ನಿನ ಟ್ಯೂಬ್ ರೈಲಿನಲ್ಲಿ, ಸೆಂಟ್ರಲ್ ಲೈನಿನಲ್ಲಿ, ಮನೆಗೆ ಬರುತ್ತಿದ್ದೆ. ಎದುರು ಸೀಟಿನಲ್ಲಿ ಅಮೆರಿಕದ ಯಾವುದೋ ಕಾಲೇಜಿನ ಟೋಪಿ ಹಾಕಿಕೊಂಡ ಇಬ್ಬರು ಕೂತು ಜಗಳವಾಡುತ್ತಿದ್ದರು. ಟೀಮು ಗಟ್ಟಿಯಾಗಿದೆ, ಕ್ವಾರ್ಟರ್‌ಬ್ಯಾಕೇ ಸರಿಯಿಲ್ಲ ಎಂದು ಒಬ್ಬ. ಕ್ವಾರ್ಟರ್‌ಬ್ಯಾಕ್ ಚಿನ್ನದಂಥವನು, ಅವನ ಮುಂದೆ ನಿಲ್ಲುವ ದಢೂತಿಗಳೇ ದಂಡಪಿಂಡಗಳು ಎಂದು ಇನ್ನೊಬ್ಬ. ನನಗೆ ಬಾಯಿ ತುರಿಸಲು ಶುರುವಾಯಿತು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹುಟ್ಟಿದ ನಿನಗೂ ಅಮೆರಿಕದ ಕಾಲೇಜು ಫುಟ್‌ಬಾಲಿಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ಕೇಳಿ, ನನಗೇನೂ ಬೇಜಾರಿಲ್ಲ. ಈ ವಿಷಯದಲ್ಲಿ ನಾನು ಒಂದು ಕಾಲಕ್ಕೆ ಭಯಂಕರ ಪಂಡಿತನಾಗಿದ್ದೆ.

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎರಡೂ ಕಡೆ ಹನ್ನೊಂದು ಹನ್ನೊಂದು ಜನ, ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬಿನಂಥ ಕವಚ. ಚೆಂಡು ಮೊದಲು ಕ್ವಾರ್ಟರ್‌ಬ್ಯಾಕಿನ ಕೈಗೆ ಬರುತ್ತದೆ. ಉಳಿದ ಹತ್ತು ಜನರಲ್ಲಿ ಯಾರು ಎತ್ತ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದು ಅವನ ತಲೆಯಲ್ಲಿ ಇರಬೇಕು. ಎದುರಾಳಿಗಳು ಮೈಮೇಲೆ ಬಂದು ಬೀಳುವುದರೊಳಗೆ ಅವನು ಚೆಂಡನ್ನು ಎಸೆದು ಕೈತೊಳೆದುಕೊಳ್ಳಬೇಕು. ಇಷ್ಟು ಗೊತ್ತಾದರೆ ಅವನನ್ನು ಬಯ್ಯಲು ಸಾಕು. ನಾನು ಇಷ್ಟರಲ್ಲೇ ಎರಡು ವರ್ಷ ಬೈದಿದ್ದೇನೆ.

ನನಗೆ ಈ ಹುಚ್ಚು ಹತ್ತಿದ್ದು ಗ್ರೀನ್‌ಫರ್ಡಿನ ಒಂದು ಉಡುಪಿ ಹೋಟೆಲಿನಲ್ಲಿ. ಸುಧಾಕರಣ್ಣ ಅಲ್ಲಿ ಸಪ್ಲೈಯರ್. ಕುಂದಾಪುರದ ಕಡೆಯವರು, ಐವತ್ತರ ಆಸುಪಾಸು, ಕಡ್ಡಿಯಂಥ ಮೈ. ಐದು ಲೋಟ ಕಾಫಿ ಒಂದೇ ಕೈಯಲ್ಲಿ ಹಿಡಿದು ಬಂದರೂ ತೊಟ್ಟು ತುಳುಕಿದ್ದನ್ನು ನಾನು ಕಂಡಿಲ್ಲ. ಎಲ್ಲಕ್ಕಿಂತ ದೊಡ್ಡ ಸೋಜಿಗವೆಂದರೆ ಅವರು ಆರ್ಡರ್ ಬರೆದುಕೊಳ್ಳುತ್ತಿರಲಿಲ್ಲ. ಮಾಲೀಕರು ಎಲ್ಲರಿಗೂ ಪುಟ್ಟ ಪುಸ್ತಕ, ಪೆನ್ನು ಕೊಟ್ಟಿದ್ದರು. ಇವರ ಪುಸ್ತಕ ಕಿಟಕಿ ಬಡಿದುಕೊಳ್ಳದ ಹಾಗೆ ಸಂದಿಯಲ್ಲಿ ಕೂತಿತ್ತು. ಹೆಬ್ಬೆರಳನ್ನು ಬೆರಳ ಗೆರೆಗಳ ಮೇಲೆ ಒಂದೊಂದಾಗಿ ಒತ್ತುತ್ತಾ ಹೋಗುವುದು ಅವರ ಕ್ರಮ. ಕುರ್ಚಿಗೊಂದು ಗೆರೆ, ಬಾಗಿಲ ಕಡೆಯ ಕುರ್ಚಿ ಯಾವಾಗಲೂ ತೋರುಬೆರಳಿನ ಮೊದಲ ಗೆರೆ. ನಮ್ಮ ಅಜ್ಜಿಯರು ಜಪ ಎಣಿಸುತ್ತಿದ್ದರಲ್ಲ, ಹಾಗೆ.

ಒಂದು ಸಲ ಎಂಟು ಜನ ಹೋಗಿದ್ದೆವು. ಅವರು ಆರ್ಡರ್ ತೆಗೆದುಕೊಂಡು ಒಳಗೆ ಹೋದ ಕೂಡಲೇ ನಾನು ಎಲ್ಲರ ಕುರ್ಚಿ ಅದಲುಬದಲು ಮಾಡಿಸಿದೆ. ನಲವತ್ತರ ಹೊಸ್ತಿಲಲ್ಲಿದ್ದ ಗಂಡಸು ಮಾಡುವ ಕೆಲಸವೇ ಅದು? ಮಾಡಿದೆ. ಅವರು ತಟ್ಟೆಗಳ ಸಮೇತ ಬಂದರು, ಒಂದು ಕ್ಷಣ ಮೇಜಿನ ಮೇಲೆ ಕಣ್ಣಾಡಿಸಿದರು, ಯಾರ ತಟ್ಟೆ ಯಾರ ಮುಂದೆ ಇಡಬೇಕೋ ಅಲ್ಲೇ ಇಟ್ಟರು. ಕೊನೆಗೆ ನನ್ನ ಮುಂದೆ ಚಟ್ನಿ ಇಡುವಾಗ ಮಾತ್ರ ತುಟಿ ಅಂಚಿನಲ್ಲಿ ನಕ್ಕರು. ನಾನು ನಾಚಿಕೊಂಡು ಎರಡನೇ ಕಾಫಿ ಕುಡಿದೆ.

ಅವರ ಮಗ ಸುಮಂತ್ ಲಂಡನ್ನಿನ ಒಂದು ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಚಿಕ್ಕಂದಿನಲ್ಲಿ ಶಾಲೆಗೆ ರಜ ಇದ್ದಾಗ ಅಪ್ಪನ ಹಿಂದೆ ಹಿಂದೆ ಓಡಾಡಿ ಈ ಗೆರೆವಿದ್ಯೆ ಕಲಿತಿದ್ದನಂತೆ. ಒಂಬತ್ತು ವರ್ಷಕ್ಕೇ ಎಂಟು ಜನರ ಆರ್ಡರ್ ತಪ್ಪದೆ ಒಪ್ಪಿಸುತ್ತಿದ್ದನಂತೆ. ಯೂನಿವರ್ಸಿಟಿಗೆ ಹೋದವನೇ ಅಮೆರಿಕನ್ ಫುಟ್‌ಬಾಲ್ ತಂಡ ಸೇರಿದ. ಅಪ್ಪನ ಹಾಗೇ ಕಡ್ಡಿಮೈ. ಅದಕ್ಕೇ ಗೆಳೆಯರು ಅವನಿಗೆ ಸುಮೋ ಎಂದು ಹೆಸರಿಟ್ಟಿದ್ದರು. ತೋಳಿನಲ್ಲಿ ಅಂಥ ಕಸುವೂ ಇರಲಿಲ್ಲ. ಆದರೆ ಕೋಚು ಕೊಟ್ಟ ದಪ್ಪ ಪುಸ್ತಕದಲ್ಲಿದ್ದ ಅಷ್ಟೂ ವ್ಯೂಹಗಳನ್ನು ಒಂದೇ ವಾರದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿಬಿಟ್ಟನಂತೆ. ಕೋಚು ಬೆರಗಾಗಿ ಅವನನ್ನೇ ಕ್ವಾರ್ಟರ್‌ಬ್ಯಾಕ್ ಮಾಡಿದ.

ಹೋಟೆಲಿನಲ್ಲಿ ನನ್ನ ಕಾಯಂ ಜೊತೆಗಾರ ಧಾರವಾಡದ ಪಾಟೀಲರು. ಎರಡು ವರ್ಷ ಅಮೆರಿಕದಲ್ಲಿ ಓದಿ ಬಂದವರು, ಅಲ್ಲಿನ ಕಾಲೇಜಿನ ಆಟದ ಬಗ್ಗೆ ಮಾತೆತ್ತಿದರೆ ದೋಸೆ ತಣ್ಣಗಾದರೂ ನಿಲ್ಲಿಸುವವರಲ್ಲ. ಒಂದು ದಿನ ಸುಧಾಕರಣ್ಣ ನಮ್ಮಿಬ್ಬರ ಹತ್ತಿರ ಬಂದು, ಮಗ ಎಂತದೋ ಆಡುತ್ತಾನಂತೆ, ನೀವು ಓದಿದವರು, ಒಂದು ಸಲ ಬಂದು ನೋಡಿ ಎಂದು ಕರೆದರು. ಭಾನುವಾರ ಹೋಟೆಲಿಗೆ ಎಲ್ಲಕ್ಕಿಂತ ಹೆಚ್ಚು ಜನ ಬರುವ ದಿನ. ತಮಗಿದ್ದ ಸೋಮವಾರದ ರಜೆಯನ್ನು ಬಿಟ್ಟುಕೊಟ್ಟು, ಮ್ಯಾಚಿದ್ದ ಭಾನುವಾರಗಳಂದು ಸಂಜೆ ನಾಲ್ಕರವರೆಗೆ ಅವರು ಬಿಡುವು ಕೇಳಿಕೊಂಡಿದ್ದರು.

ಹೀಗೆ ನಾವು ಮೂವರು ಅಭಿಮಾನಿಗಳಾದೆವು. ಕೌನ್ಸಿಲ್ಲಿನ ರಗ್ಬಿ ಮೈದಾನ, ಮೊಣಕಾಲುದ್ದ ಕೆಸರು, ನಾಯಿಗಳನ್ನೂ ಸೇರಿಸಿದರೆ ಮೂವತ್ತು ಪ್ರೇಕ್ಷಕರು. ಪಾಟೀಲರು ವಿವರಿಸುವರು, ನಾನು ಕೂಗುವೆ. ಸುಧಾಕರಣ್ಣ ಜಾಕೆಟ್ಟಿನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು, ಹೋಟೆಲಿನ ಕಪ್ಪು ಪ್ಯಾಂಟು, ಪಾಲಿಶ್ ಮಾಡಿದ ಶೂ ಸಮೇತ ಗೆರೆಯ ಪಕ್ಕ ನಿಂತಿರುವರು. ಬಾಯಿಂದ ಒಂದಕ್ಷರ ಹೊರಡದು. ಪಾಪ, ಇವರಿಗೆ ಏನೂ ತಿಳಿಯುವುದಿಲ್ಲ ಎಂದು ನಾನು ಕನಿಕರಪಡುತ್ತಿದ್ದೆ.

ಮರುದಿನಗಳ ಚರ್ಚೆಯಂತೂ ಕೇಳಬೇಡಿ. ನಮ್ಮ ಟೀಮಿನ ಬಲವೇನು, ದೌರ್ಬಲ್ಯವೇನು, ಈ ಸಲ ಮೇಲಿನ ದರ್ಜೆಗೆ ಏರುತ್ತೇವೋ ಇಲ್ಲವೋ ಎಂದು ನಾನೂ ಪಾಟೀಲರೂ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಲೋಟ, ಚಮಚಗಳನ್ನೆಲ್ಲ ಆಟಗಾರರನ್ನಾಗಿ ಮಾಡಿ ಯುದ್ಧ ಹೂಡುತ್ತಿದ್ದೆವು. "ಟೀಮ್ ಗಟ್ಟಿ ಅದರಿ, ಕ್ವಾರ್ಟರ್‌ಬ್ಯಾಕ್‌ನ ತೋಳಿನ್ಯಾಗ ದಮ್ ಇಲ್ಲ. ಆ ಎತ್ತರದ ಹುಡುಗನ್ನ ಹಾಕಬೇಕು," ಎಂದು ಪಾಟೀಲರು ಒಂದು ದಿನ ತೀರ್ಪು ಕೊಟ್ಟರು. ನಾನು ಹೌದೌದು ಎಂದೆ. ತಲೆ ಎತ್ತಿದರೆ ಸುಧಾಕರಣ್ಣ ಪಕ್ಕದಲ್ಲೇ ಸಾಂಬಾರಿನ ಬಕೆಟ್ ಹಿಡಿದು ನಿಂತಿದ್ದರು. ಅವರ ಮಗನನ್ನೇ ಬೈದಿದ್ದ ನಮ್ಮಿಬ್ಬರಿಗೂ ಒಂದೊಂದು ಸೌಟು ಹೆಚ್ಚಿಗೇ ಬಡಿಸಿ ಹೋದರು.

ಆ ದಿನಕ್ಕೆ ಬರುತ್ತೇನೆ. ಲಂಡನ್ನಿನಲ್ಲಿ ಒಲಿಂಪಿಕ್ಸ್ ಮುಗಿದ ವರ್ಷದ ಚಳಿಗಾಲ. ವರ್ಷದ ಕೊನೆಯ ಮ್ಯಾಚು. ಗೆದ್ದರೆ ಮೇಲಿನ ದರ್ಜೆ. ರಾತ್ರಿ ಹಿಮ ಬಿದ್ದು ಕೆಸರು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅರ್ಧ ಆಟಕ್ಕೆ ಮುಂಚೆ ಎದುರಾಳಿಯೊಬ್ಬ ಓಡಿ ಬಂದು ಸುಮಂತನನ್ನು ಎತ್ತಿ ಕೆಡವಿದ. ಬೆನ್ನು, ಆಮೇಲೆ ತಲೆ. ಹೆಲ್ಮೆಟ್ಟು ನೆಲಕ್ಕೆ ಬಡಿದ ಸದ್ದು ನಮಗೂ ಕೇಳಿಸಿತು. ಆದರೆ ಅವನು ತಟ್ಟನೆ ಎದ್ದ, ಕೈ ಎತ್ತಿ ಏನಿಲ್ಲ ಎಂದು ತೋರಿಸಿದ. ನಾವೆಲ್ಲ ಚಪ್ಪಾಳೆ ಹೊಡೆದೆವು.

ಅಲ್ಲಿಂದ ಮುಂದೆ ಅವನ ಆಟ ಹದಗೆಟ್ಟಿತು. ಒಂದು ಚೆಂಡನ್ನು ಯಾರೂ ಇಲ್ಲದ ಜಾಗಕ್ಕೆ ಎಸೆದ. ಇನ್ನೊಂದನ್ನು ಎದುರಾಳಿಯ ಎದೆಗೇ ಎಸೆದ. ಪಾಟೀಲರು ತಲೆ ಚಚ್ಚಿಕೊಂಡರು. ನಾನು, ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ, ಗೆರೆಯಂಚಿಗೆ ಹೋಗಿ ಅವನ ಹೆಸರು ಹಿಡಿದು, ನಿದ್ದೆಯಿಂದ ಏಳಪ್ಪಾ ಎಂದು ಅರಚಿದೆ. ಆಗ ಸುಧಾಕರಣ್ಣನ ಕೈಗಳು ಜೇಬಿನಿಂದ ಹೊರಬಂದವು. ನನಗೇ ಬಾರಿಸುತ್ತಾರೇನೋ ಅಂದುಕೊಂಡೆ. ಅವರು ನನ್ನನ್ನು ನೋಡಲೂ ಇಲ್ಲ. ಗೆರೆ ದಾಟಿ, ಮೈದಾನದ ನಡುವಿಗೆ, ಹೋಟೆಲಿನಲ್ಲಿ ನಡೆಯುವ ಅದೇ ನಡಿಗೆಯಲ್ಲಿ ನಡೆದೇಬಿಟ್ಟರು.

ಸೀಟಿ ಮೊಳಗಿತು. ರೆಫರಿ ಹಳದಿ ಬಟ್ಟೆ ನೆಲಕ್ಕೆಸೆದ. ಹಾಗೆಂದರೆ ದಂಡ, ನಮ್ಮ ತಂಡ ಹದಿನೈದು ಗಜ ಹಿಂದೆ ಹೋಗಬೇಕು. ಕೋಚು ಓಡಿ ಬಂದ, ಫಸ್ಟ್ ಏಡ್ ಪೆಟ್ಟಿಗೆಯವಳು ಓಡಿ ಬಂದಳು. ಮಾನ ಹೋಯಿತಲ್ಲ ಎಂದು ನಾನೂ ಪಾಟೀಲರೂ ಸುಧಾಕರಣ್ಣನನ್ನು ಎಳೆದುಕೊಂಡು ಬರಲು ಓಡಿದೆವು. ನಾನು ಅವರ ತೋಳು ಹಿಡಿದೂ ಹಿಡಿದೆ. ಅಷ್ಟರಲ್ಲಿ ಫಸ್ಟ್ ಏಡ್‌ನವಳು ಸುಮಂತನನ್ನು ಹೆಸರೇನು, ಇವತ್ತು ಯಾವ ವಾರ, ಸ್ಕೋರ್ ಎಷ್ಟು ಎಂದು ಕೇಳಿದಳು. ಅವನು ಎಲ್ಲಕ್ಕೂ ಪಟಪಟ ಸರಿಯಾದ ಉತ್ತರ ಕೊಟ್ಟ. ಹುಡುಗ ಚೆನ್ನಾಗಿದ್ದಾನೆ ಸರ್, ನೀವು ದಯವಿಟ್ಟು ಹೊರಗೆ ನಡೆಯಿರಿ ಎಂದು ಕೋಚು ಮರ್ಯಾದೆಯಿಂದಲೇ ಹೇಳಿದ.

ಸುಧಾಕರಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಮಗನ ಎದುರು ಬೆನ್ನು ನೆಟ್ಟಗೆ ಮಾಡಿ ನಿಂತರು. "ಎಂಟ್ ಜನ. ಬಾಗ್ಲ್ ಬದಿಂದ ಹೇಳ್ತೆ," ಎಂದು ಮೆಲ್ಲಗೆ ಶುರು ಮಾಡಿದರು. ಎರಡು ಮಸಾಲೆ, ಒಂದು ಈರುಳ್ಳಿ ಉತ್ತಪ್ಪ, ಒಂದು ರವೆದೋಸೆ ಖಾರ ಇಲ್ಲದೆ, ಎರಡು ಇಡ್ಲಿ ಸಾಂಬಾರು ಬೇರೆ, ಒಂದು ಪೂರಿ, ಒಂದು ಮೊಸರನ್ನ. "ಹೇಳ್ ಕಾಂಬ."

ನಾಟ್ ನೌ ಡ್ಯಾಡ್ ಎಂದು ಹುಡುಗ ಮುಖ ಸಿಂಡರಿಸಿದ. ಅಪ್ಪ ಅಲುಗಲಿಲ್ಲ. ಬೇಗ ಮುಗಿಸಿಬಿಡೋಣ ಎಂಬಂತೆ ಅವನು ಹೆಬ್ಬೆರಳನ್ನು ತೋರುಬೆರಳಿನ ಮೊದಲ ಗೆರೆಗೆ ಒತ್ತಿದ. ಎರಡು ಮಸಾಲೆ. ಒಂದು ಉತ್ತಪ್ಪ. ಹೆಬ್ಬೆರಳು ಅಲ್ಲೇ ನಿಂತಿತು. ಮತ್ತೆ ಮೊದಲ ಗೆರೆ. ಎರಡು ಮಸಾಲೆ. ಒಂದು... ಮೂರನೇ ಸಲವೂ ಮೊದಲ ಗೆರೆಗೆ ಬಂದಾಗ ಅವನ ಮುಖದಲ್ಲಿ ಬಂದ ಭಯವನ್ನು ನಾನು ಮರೆಯಲಾರೆ. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಹುಡುಗ, "ಅಪ್ಪಾ, ಬತ್ತಿಲ್ಲೆ," ಎಂದ.

"ಸಾಕ್ ಮಗಾ. ಹೋಪ."

ಫಸ್ಟ್ ಏಡ್‌ನವಳಿಗೆ ನಮ್ಮ ಭಾಷೆಯ ಒಂದು ಮಾತೂ ಗೊತ್ತಿಲ್ಲ. ಆದರೆ ಅವಳಿಗೆ ಎಲ್ಲವೂ ಅರ್ಥವಾಯಿತು. ಎರಡೂ ಕೈ ಎತ್ತಿ ಆಟ ನಿಲ್ಲಿಸಿ ಎಂದಳು. ನಾನು ಹಿಡಿದಿದ್ದ ತೋಳನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ತಲೆಯೊಳಗೆ ಸಣ್ಣಗೆ ರಕ್ತ ಜಿನುಗುತ್ತಿತ್ತು. ಇನ್ನೊಂದು ಏಟು ಬಿದ್ದಿದ್ದರೆ ಎಂದು ಶುರು ಮಾಡಿದ ಡಾಕ್ಟರು ಆ ವಾಕ್ಯ ಮುಗಿಸಲಿಲ್ಲ. ನಮ್ಮ ತಂಡ ಸೋತಿತು, ಮೇಲಿನ ದರ್ಜೆ ಕೈತಪ್ಪಿತು. ಆಟ ಬಿಡಿಸಿದರೆಂದು ಸುಮಂತ್ ಅಪ್ಪನ ಮೇಲೆ ಸಿಟ್ಟಾಗಿ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲವಂತೆ. ಈಗ ಸಟನ್ನಿನಲ್ಲಿ ಮನೆ ಮಾಡಿದ್ದಾನೆ, ಮೊನ್ನೆ ಮೊನ್ನೆ ಹೆಣ್ಣುಮಗು ಹುಟ್ಟಿದೆ. ಆರೋಗ್ಯವಾಗಿದ್ದಾನೆ.

ಆಗ ಅವನು ಆಸ್ಪತ್ರೆಯಿಂದ ಮನೆಗೆ ಬಂದ ವಾರ ನಾನು ಹೋಟೆಲಿಗೆ ಹೋಗಿ, ಧೈರ್ಯ ಮಾಡಿ ಕ್ಷಮೆ ಕೇಳಿದೆ. ನಾವಿಬ್ಬರು ಇಷ್ಟು ಆಟ ತಿಳಿದವರು, ನಮಗೆ ಕಾಣದ್ದು ನಿಮಗೆ ಹೇಗೆ ಕಂಡಿತು ಎಂದೂ ಕೇಳಿದೆ. ಅವರು ಮೇಜು ಒರೆಸುತ್ತಿದ್ದರು. ಪ್ರತಿ ಸಲ ಚೆಂಡು ಕೈಗೆ ಬರುವ ಮುಂಚೆ ಹುಡುಗ ಹತ್ತು ಜನರಿಗೂ ಗೆರೆ ಎಣಿಸುತ್ತಾನೆ, ಚಿಕ್ಕಂದಿನ ಅಭ್ಯಾಸ. ಆವತ್ತು ಎಣಿಕೆ ಮೂರಕ್ಕೇ ನಿಂತು ಮತ್ತೆ ಒಂದಕ್ಕೆ ಬರುತ್ತಿತ್ತು ಎಂದರು. ಆಮೇಲೆ ತಪ್ಪು ಒಪ್ಪಿಕೊಳ್ಳುವವರಂತೆ ದನಿ ಇಳಿಸಿದರು. "ನೀವು ಬಾಲ್ ನೋಡ್ತಿದ್ರಿ ಮಾರಾಯ್ರೆ. ಎರಡು ವರ್ಷ ಬಂದೆ, ಬಾಲ್ ಎತ್ತ ಹೋಯ್ತು ಅಂತ ನಂಗೆ ಒಂದಿನವೂ ಗೊತ್ತಿಲ್ಲ."

ದೊಡ್ಡವರು ಎಂದು ನಾನು ಕೈಮುಗಿದವರು ಹಲವರಿದ್ದಾರೆ. ಆದರೆ ಅಷ್ಟು ದೊಡ್ಡ ಮನುಷ್ಯನನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೊಂದೇ ಸಲ. ಅವರ ಕೈಯಲ್ಲಿ ಒರೆಸುವ ಬಟ್ಟೆ ಇತ್ತು.

ಟ್ಯೂಬಿನಲ್ಲಿ ಆ ಇಬ್ಬರು ವಾದ ಮುಂದುವರಿಸುತ್ತಿದ್ದಂತೆಯೇ ನಾನು ಇಳಿದೆ. ನನಗೆ ಹದಿಮೂರು ವರ್ಷದ ಮಗಳಿದ್ದಾಳೆ, ಶಾಲೆಯ ನೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಅವಳ ಮ್ಯಾಚುಗಳಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವ ಅಪ್ಪ ಯಾರೆಂದು ಬಿಡಿಸಿ ಹೇಳಬೇಕಿಲ್ಲವಷ್ಟೆ. ಮುಂದಿನ ಶನಿವಾರ ಹೋದವನು ಬಾಯಿ ಮುಚ್ಚಿಕೊಂಡು ನಿಂತೆ. ಚೆಂಡು ಎಲ್ಲೆಲ್ಲೋ ಹೋಯಿತು, ಯಾರೋ ಗೆದ್ದರು. ನಾನು ಮಗಳೊಬ್ಬಳನ್ನೇ ನೋಡುತ್ತಿದ್ದೆ. ಅದು ಎಷ್ಟು ಕಷ್ಟದ ಕೆಲಸ ಎಂದರೆ, ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ, ಎಳೆದೆಳೆದು ತರಬೇಕು.

ಮ್ಯಾಚು ಮುಗಿದ ಮೇಲೆ ಅವಳು ನೀರಿನ ಬಾಟಲಿ ಹಿಡಿದು ಹತ್ತಿರ ಬಂದಳು. ನನ್ನ ಮುಖವನ್ನೇ ನೋಡಿ, ಆರ್ ಯು ಓಕೆ ಅಪ್ಪಾ, ಯಾಕೆ ಕೂಗಲಿಲ್ಲ ಎಂದು ಕೇಳಿದಳು.

"ಎಡಗಾಲಿನ ಶೂ ಕಚ್ತಾ ಇದೆಯಾ ಪುಟ್ಟಾ?"

ಅವಳು ಬಾಟಲಿ ಕೆಳಗಿಳಿಸಿದಳು. ಹೇಗೆ ಗೊತ್ತಾಯಿತು ಎಂಬ ಬೆರಗು ಮುಖದ ತುಂಬ. ಮೆಲ್ಲಗೆ ಹೌದೆಂದು ತಲೆಯಾಡಿಸಿದಳು. ಎಷ್ಟು ದಿನದಿಂದ ಎಂದು ಕೇಳಿದೆ.

ಸೆಪ್ಟೆಂಬರ್‌ನಿಂದ ಎಂದಳು. ಆಗಲೇ ನವೆಂಬರ್ ಅರ್ಧ ಕಳೆದಿತ್ತು. ಒಂದು ಮ್ಯಾಚನ್ನೂ ತಪ್ಪಿಸಿಕೊಂಡವನಲ್ಲ ನಾನು.