ಗುಂಡನ ತಲೆಯ ಮೇಲೆ ಹಾಲು

ದೇವರು, ದೆವ್ವ, ನಾಗದೋಷ ಇವೆಲ್ಲ ನನ್ನ ಹತ್ತಿರ ನಡೆಯುತ್ತಿರಲಿಲ್ಲ. ಯಾರಾದರೂ ಶುರು ಮಾಡಿದರೆ ‘ಸುಮ್ನಿರಿ ಸಾರ್, ಸಾಕು’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ಕೇಳುವ ಮುಖ ನನಗಿಲ್ಲ.

ಕೆಲವು ವರ್ಷಗಳ ಹಿಂದೆ, ಜರಗನಹಳ್ಳಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಒಂದು ದೊಡ್ಡ ಹೆಬ್ಬಾವು ಸಾಕಿದ್ದೆ. ಆಫ್ರಿಕಾ ಕಡೆಯ ಜಾತಿ, ಕಾಗದಪತ್ರವೆಲ್ಲ ಸರಿಯಾಗಿತ್ತು. ಹೆಸರು ಗುಂಡ. ಅವನಿಗೊಂದು ಗಾಜಿನ ಪೆಟ್ಟಿಗೆ. ಒಂದು ತುದಿಯಲ್ಲಿ ಬಿಸಿ, ಇನ್ನೊಂದು ತುದಿಯಲ್ಲಿ ತಂಪು, ದಿನವೂ ಹೊಸ ನೀರು, ಮೇಲೆ ಬೀಗ. ಹಾವಿಗೆ ತನ್ನದೇ ಮೈಬಿಸಿ ಅಂತ ಇರುವುದಿಲ್ಲ, ನಾವು ಕೊಟ್ಟಷ್ಟೇ. ಚಳಿಯಲ್ಲಿ ಬಿಟ್ಟರೆ ಕಾಯಿಲೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಂದವರಿಗೆಲ್ಲ ಈ ಪಾಠ ಮಾಡುತ್ತಿದ್ದೆ, ಅಮ್ಮನಿಗಂತೂ ದಿನಾ.

ಅವತ್ತು ನಾಗರ ಪಂಚಮಿ. ಅಮ್ಮ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ತನಿ ಎರೆಯಲು ಚೊಂಬಿನಲ್ಲಿ ಹಾಲು ತುಂಬಿಕೊಂಡು ಹೊರಟಿದ್ದಳು. ಮಂಡಿನೋವು ಬೇರೆ. ನನಗೆ ತಮಾಷೆ.

‘ಕಲ್ಲಿಗ್ಯಾಕಮ್ಮ ಅಷ್ಟು ದೂರ ಹೋಗ್ತೀಯ? ಮೇಲ್ಗಡೆ ಜೀವಂತ ನಾಗಪ್ಪನೇ ಇದಾನೆ, ಅವನ ಮೇಲೇ ಸುರಿದ್ಬಿಡು.’

‘ಥೂ, ಬಿಡ್ತು ಅನ್ನು’ ಎಂದು ಬೈದು ಹೋದಳು.

ನಾನು ಪುಟ್ಟೇನಹಳ್ಳಿಯಲ್ಲಿ ಏನೋ ಕೆಲಸ ಮುಗಿಸಿ ಮಧ್ಯಾಹ್ನ ಬಂದು ಮೇಲೆ ಹೋದೆ. ಗಾಜಿನಾಚೆ ಗುಂಡನ ತಲೆಯ ಮೇಲೆ ಹಾಲು! ಬೆನ್ನ ಮೇಲೂ ಹಾಲು. ಕೆಳಗೆ ಹಾಸಿದ್ದ ಕಾಗದವೆಲ್ಲ ಒದ್ದೆ. ನನಗೆ ಪಿತ್ತ ನೆತ್ತಿಗೇರಿತು. ಕೆಳಗೆ ಅಮ್ಮ ಎದುರುಮನೆಯ ಲಲಿತಮ್ಮನ ಜೊತೆ ಗೇಟು ತೆಗೆದು ಒಳಗೆ ಬರುತ್ತಿದ್ದಳು. ಮೆಟ್ಟಿಲ ಮೇಲಿಂದಲೇ ಕೂಗಾಡಿದೆ.

‘ತಲೆ ಇದ್ಯಾ ನಿಂಗೆ? ಶೀತ ಆಗಿ ಅದು ಸತ್ತೋದ್ರೆ ಏನಮ್ಮ ಮಾಡ್ತೀಯ?’

ಬಾಡಿಗೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅಮ್ಮ ಖಾಲಿ ಚೊಂಬು ಹಿಡಿದು ಗೇಟಿನ ಹತ್ತಿರವೇ ನಿಂತಳು. ಲಲಿತಮ್ಮನೇ ಬಾಯಿಬಿಟ್ಟರು: ‘ಬೆಳಗ್ಗಿಂದ ನನ್ ಜೊತೇಲೇ ಕ್ಯೂನಲ್ಲಿ ನಿಂತಿದ್ರು ಕಣಪ್ಪ. ಈಗ್ತಾನೆ ಬರ್ತಾ ಇದೀವಿ.’

ಆಗ ನನಗೆ ಬೀಗದ ನೆನಪಾಯಿತು. ಇದ್ದದ್ದು ಒಂದೇ ಕೀ, ಅದು ನನ್ನ ಜೇಬಿನಲ್ಲಿತ್ತು. ಓಡಿಹೋಗಿ ನೋಡಿದೆ. ಹಾಕಿದ ಬೀಗ ಹಾಕಿದಂತೆಯೇ ಇತ್ತು. ಮುಚ್ಚಳದಲ್ಲಿ ಗಾಳಿಗೆ ಬಿಟ್ಟ ಜಾಲರಿಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಒದ್ದೆ ಕಾಗದ ತೆಗೆದು ತಳ ಒರೆಸಿದಾಗ ಕೈಗೆ ತಣ್ಣಗೆ ತಾಗಿತು. ಬಿಸಿ ಇರಬೇಕಾದ ತುದಿಯೇ ಅದು. ತಳದ ಹೀಟರ್ ಯಾವಾಗಲೋ ಕೆಟ್ಟುಹೋಗಿತ್ತು. ಥರ್ಮಾಮೀಟರನ್ನು ನಾನು ಮೇಲೆ, ಬಲ್ಬಿನ ಪಕ್ಕ ಅಂಟಿಸಿದ್ದೆ. ಅದು ದಿನವೂ ಎಲ್ಲ ಸರಿ ಎಂದೇ ತೋರಿಸುತ್ತಿತ್ತು. ಗುಂಡ ಬಾಯಿ ಅರೆತೆರೆದು ಕಷ್ಟಪಟ್ಟು ಉಸಿರೆಳೆಯುತ್ತಿದ್ದ. ಮೂಗಿನಲ್ಲಿ ಗುಳ್ಳೆ.

‘ಇದು ಇವತ್ತಿಂದಲ್ಲ ಸಾರ್’ ಎಂದರು ಡಾಕ್ಟರು. ‘ತುಂಬಾ ದಿನದಿಂದ ಚಳೀಲಿದೆ. ಇನ್ನೂ ಸ್ವಲ್ಪ ಬಿಟ್ಟಿದ್ರೆ ಹೋಗ್ಬಿಡ್ತಿತ್ತು.’ ಇಂಜೆಕ್ಷನ್ ಕೊಟ್ಟರು. ಹೊಸ ಹೀಟರ್ ಹಾಕಿದೆ, ಥರ್ಮಾಮೀಟರನ್ನು ತಳಕ್ಕೆ ಇಳಿಸಿದೆ. ಗುಂಡ ಉಳಿದುಕೊಂಡ. ಅವತ್ತು ಪೆಟ್ಟಿಗೆ ಒದ್ದೆಯಾಗದಿದ್ದರೆ ನಾನು ಅಲ್ಲಿ ಕೈಯಿಡುತ್ತಲೇ ಇರಲಿಲ್ಲ.

ಹಾಗಾದರೆ ಹಾಲು ಹಾಕಿದ್ದು ಯಾರು? ಬಾಡಿಗೆಯವರನ್ನೆಲ್ಲ ಕೇಳಿದೆ, ಬೀಗವನ್ನು ಎಳೆದೆಳೆದು ನೋಡಿದೆ. ನಾಚಿಕೆಗೇಡಿನ ಸಂಗತಿ ಏನೆಂದರೆ, ಅಮ್ಮನ ಹತ್ತಿರ ತಪ್ಪಾಯಿತು ಅನ್ನುವುದು ಬಿಟ್ಟು ‘ನಿಜ ಹೇಳಮ್ಮ, ನೀನೇ ತಾನೆ?’ ಎಂದು ಪೀಡಿಸುತ್ತಲೇ ಇದ್ದೆ. ಒಂದು ದಿನ ಅವಳು ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಹೇಳಿದಳು:

‘ಆಯ್ತು ಬಿಡಪ್ಪ, ನಾನೇ ಹಾಕ್ದೆ ಅಂತ ಇಟ್ಕೊ. ನಿಂಗೆ ಸಮಾಧಾನ ಆಗ್ಲಿ.’

ಅವಳು ಹಾಕಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಹೇಗಾಯಿತು ಎನ್ನುವುದು ಮಾತ್ರ ಇವತ್ತಿಗೂ ಗೊತ್ತಿಲ್ಲ. ಆದರೆ ಯಾರಾದರೂ ಕೇಳಿದರೆ, ‘ಅಮ್ಮ ಹಾಲು ಸುರಿದ್ಬಿಟ್ಟಿದ್ರು’ ಎಂದು ನಕ್ಕುಬಿಡುತ್ತೇನೆ. ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಒಂದು ಸಲವೂ ‘ನಾನಲ್ಲ’ ಎಂದಿಲ್ಲ.