ಬಲಗಡೆಯ ಹೂವು

ಆ ಹೂವು ಬೀಳದ ಹಾಗೆ ಮಾಡಿದವಳು ನಾನು, ವೈನಿ. ಬಲಗಡೆಯ ಹೂವಿನ ತೊಟ್ಟಿಗೆ ಹಲಸಿನ ಅಂಟು ಹಚ್ಚಿದ್ದೆ. ಅದಕ್ಕೇ ಎಡಗಡೆಯದು ಬಿತ್ತು, ಅದಕ್ಕೇ ನಮ್ಮ ಅಣ್ಣನ ಎರಡನೆಯ ಮದುವೆ ನಿಂತುಹೋಯಿತು, ಅದಕ್ಕೇ ಅವನ ಹೆಂಡತಿಯಾಗಿಯೇ ನೀವು ಹಳಿಯಾಳದ ಆ ಮನೆಯಲ್ಲಿ — ಇರಲಿ, ಅಲ್ಲಿಗೆ ಆಮೇಲೆ ಬರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೇವಿಯ ಮುಂದೆ ಮೋಸ ಮಾಡಿದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ನಮ್ಮ ಮನೆಯವರು ಇದನ್ನು ಓದಿ ಗಲ್ಲ ಬಡಿದುಕೊಳ್ಳಲಿ, ನನ್ನ ಹೆಸರಿನಲ್ಲಿ ತಪ್ಪುಕಾಣಿಕೆ ಎತ್ತಿಡಲಿ. ನಾನಂತೂ ಇಡುವುದಿಲ್ಲ. ಒಬ್ಬ ಹೆಣ್ಣುಮಗಳು ಗಂಡನ ಮನೆಯಲ್ಲಿ ಇರಬೇಕೋ ಬಿಡಬೇಕೋ ಎಂಬುದನ್ನು ಒದ್ದೆ ಹೂವಿಗೆ ಬಿಟ್ಟವರು ಅವರು, ನಾಚಬೇಕಾದವರೂ ಅವರೇ. ನನ್ನ ತಪ್ಪು ಬೇರೆ ಇದೆ. ಅದನ್ನು ನಿಮಗೆ ಒಪ್ಪಿಸಬೇಕು, ಎಲ್ಲರ ಕಿವಿಗೂ ಬೀಳುವ ಹಾಗೆ ಒಪ್ಪಿಸಬೇಕು. ಅದಕ್ಕೇ ನಿಮಗೆ ಗೊತ್ತಿದ್ದದ್ದನ್ನೂ ಬರೆಯುತ್ತಿದ್ದೇನೆ. ಮನೆಯ ಈಗಿನ ಮಕ್ಕಳಿಗೆ ಪವಾಡದ ಕತೆ ಬಾಯಿಪಾಠವಾಗಿದೆ, ನಡೆದದ್ದು ಗೊತ್ತಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹಳಿಯಾಳದಲ್ಲಿ ನಮ್ಮದು ಮುಂದೆ ಹಿಟ್ಟಿನ ಗಿರಣಿ, ಹಿಂದೆ ಮನೆ. ಅಪ್ಪ ಇರಲಿಲ್ಲ, ಅವ್ವನ ಮಾತೇ ಕೊನೆಯದು. ಅಣ್ಣ ಗಿರಣಿ ನಡೆಸುತ್ತಿದ್ದ. ಕಾಕಾ ತನ್ನ ಟ್ರಕ್ಕಿನಲ್ಲಿ ಜೋಯಿಡಾ ಕಡೆಯ ಕಾಡಿನಿಂದ ದಾಂಡೇಲಿಗೆ ಬಿದಿರು ಸಾಗಿಸುತ್ತಿದ್ದ. ಕಾಕಾನ ಸಂಸಾರ, ನನ್ನ ತಮ್ಮಂದಿರು, ಗಂಡ ಸತ್ತು ತವರಿಗೆ ಬಂದ ಸೋದರತ್ತೆ, ಆಕೆಯ ಮಕ್ಕಳು, ಜೊತೆಗೆ ಬಂದವರು ಹೋದವರು — ಊಟಕ್ಕೆ ಒಂದು ಪಂಕ್ತಿ ಎದ್ದರೆ ಇನ್ನೊಂದು ಕೂರುತ್ತಿತ್ತು. ಅಷ್ಟೂ ಮಂದಿಗೆ ರೊಟ್ಟಿ ಬಡಿದವರು ನೀವು. ಮುಂಡಗೋಡ ತಾಲೂಕಿನ ಇಂದೂರಿನಿಂದ ಸೊಸೆಯಾಗಿ ಬಂದ ಮೊದಲ ವಾರವೇ ಅವ್ವ ನಿಮಗೆ ಒಲೆ ಒಪ್ಪಿಸಿ ಕೈ ತೊಳೆದುಕೊಂಡಿದ್ದಳು.

ಯುಗಾದಿ ಸುತ್ತಮುತ್ತಲ ದಿನಗಳಲ್ಲಂತೂ ನಿಮ್ಮ ದುಡಿತ ದುಪ್ಪಟ್ಟು. ಶಾವಿಗೆ ಹೊಸೆಯಬೇಕು, ಹಪ್ಪಳ ಲಟ್ಟಿಸಬೇಕು, ಸಂಡಿಗೆ ಇಡಬೇಕು, ಮಾವಿನಕಾಯಿ ಹೆಚ್ಚಿ ಉಪ್ಪಿಗೆ ಹಾಕಬೇಕು. ಹೋಳಿಯ ಬಣ್ಣ ಹತ್ತಿದ ಅರಿವೆಗಳ ಗುಡ್ಡೆ ಬೇರೆ. ನಾನು ಮಾಳಿಗೆಯ ಮೇಲೆ ಹಪ್ಪಳಕ್ಕೆ ಕಾವಲು ಕೂತು, ಕಾಗೆ ಓಡಿಸುವ ನೆಪದಲ್ಲಿ ಪುಸ್ತಕ ಓದುತ್ತಿದ್ದೆ. ಧಾರವಾಡಕ್ಕೆ ಹೋಗಿ ಶಿಕ್ಷಕಿಯರ ಟ್ರೇನಿಂಗ್ ಮಾಡುತ್ತೇನೆಂದು ಹಟ ಹಿಡಿದಿದ್ದೆ. ಅವ್ವ ಬೈದಾಗಲೆಲ್ಲ ನೀವು ಅಡ್ಡ ಬರುತ್ತಿದ್ದಿರಿ.

"ಓದಾಕ ಹೋಗ್ಲಿ ಬಿಡ್ರಿ ಅತ್ತಿ. ಮನ್ಯಾಗ ನಾ ಇದ್ದೇನಲ್ಲ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಎಷ್ಟು ಗಟ್ಟಿಯಾಗಿ ಎಂದು ನಿಮಗೆ ಗೊತ್ತಿರಲಿಲ್ಲ.

ನಿಮಗೆ ಮಕ್ಕಳಾಗಲಿಲ್ಲ. ಸಂಗತಿ ಇಷ್ಟೇ. ದವಾಖಾನೆಗೆ ನಿಮ್ಮನ್ನು ಕರೆದೊಯ್ದರು, ಅಣ್ಣನನ್ನು ಯಾರೂ ಕರೆದೊಯ್ಯಲಿಲ್ಲ. ಊರೂರು ತಿರುಗಿ ಬೇರು ನಾರು ತಂದು ನಿಮಗೆ ಕುಡಿಸಿದರು, ಅಣ್ಣನಿಗೆ ಒಂದು ಗುಟುಕೂ ಕುಡಿಸಲಿಲ್ಲ. ಕೊನೆಗೆ ದಾಂಡೇಲಿಯಲ್ಲಿ ಒಂದು ಹುಡುಗಿಯನ್ನು ನೋಡಿ ಇಟ್ಟರು. ಕಾಕಾ ಕೇಳಿದಾಗ ಅಣ್ಣ ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ. ತಲೆ ತಗ್ಗಿಸಿ ಕಾಲಿನ ಹೆಬ್ಬೆರಳು ನೋಡುತ್ತ ಕೂತ. ಒಳ್ಳೆಯವನು ಎಂದು ಊರೆಲ್ಲ ಹೊಗಳಿದ ನನ್ನ ಅಣ್ಣ! ಆ ಒಳ್ಳೆಯತನವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಸುದ್ದಿ ಕೇಳಿ ಇಂದೂರಿನಿಂದ ನಿಮ್ಮ ಅಣ್ಣ ಬಂದರು. ಪಡಸಾಲೆಯಲ್ಲಿ ಎಲ್ಲರ ಮುಂದೆ, ಚಹಾ ಮುಟ್ಟದೆ ಹೇಳಿದರು: "ಇನ್ನೊಬ್ಬಾಕಿ ಬಂದ್ರ ನಮ್ಮ ತಂಗಿ ಈ ಮನ್ಯಾಗ ಇರಂಗಿಲ್ಲ. ನಾ ಬಂದು ಕರ್ಕೊಂಡು ಹೋಗ್ತೇನಿ."

ಅವ್ವ ಸ್ವಲ್ಪ ಅಳುಕಿದಳು. ಒಲೆಯ ಮುಂದೆ ಹತ್ತು ಆಳಿನ ಕೆಲಸ ಮಾಡುವ ಸೊಸೆ ಹೋಗುವುದೂ ಆಕೆಗೆ ಬೇಕಿರಲಿಲ್ಲ. ಆಗ ಆಕೆಗೆ ದೇವಿ ನೆನಪಾದಳು. "ಆಕೀನ್ನ ಕೇಳೂಣು. ತಾಯಿ ಹೆಂಗ ಹೇಳ್ತಾಳ ಹಂಗ" ಎಂದಳು.

ನಮ್ಮ ಮನೆತನ ಅಜ್ಜನ ಕಾಲಕ್ಕೆ ಜೋಯಿಡಾ ಕಡೆಯಿಂದ ಹಳಿಯಾಳಕ್ಕೆ ಬಂದದ್ದು. ಮನೆದೇವಿ ಮಾತ್ರ ಅಲ್ಲಿಯೇ, ಕಾಡಂಚಿನ ಹಂಚಿನ ಗುಡಿಯಲ್ಲಿ ಉಳಿದಳು. ಹೊಲ ಕೊಳ್ಳುವುದಿರಲಿ, ಮದುವೆಯಿರಲಿ, ಅಲ್ಲಿಗೆ ಹೋಗಿ 'ಪ್ರಸಾದ ಕೇಳುವುದು' ವಾಡಿಕೆ. ಗುಡಿಯ ಪೂಜೆ ಮಾಡುವ ಗುರವ ದೇವಿಯ ಕಲ್ಲಿನ ಎರಡೂ ಭುಜಗಳಿಗೆ ಒದ್ದೆ ಹೂವು ಅಂಟಿಸುತ್ತಾನೆ. ಮನೆಯ ಹಿರಿಯರು ಪ್ರಶ್ನೆ ಇಡುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಹೂವು ಕೊಯ್ದು ತರುವುದು ಮದುವೆಯಾಗದ ಮಗಳ ಕೆಲಸ. ಬಲಕ್ಕೊಂದು ದೊನ್ನೆ, ಎಡಕ್ಕೊಂದು ದೊನ್ನೆ, ಎರಡೂ ಬೆರೆಯಬಾರದು. ಆ ವರ್ಷ ಆ ಮಗಳು ನಾನಾಗಿದ್ದೆ.

ಕಾಕಾ ಟ್ರಕ್ ತೊಳೆದು, ಹಿಂದೆ ಹುಲ್ಲು ಹಾಸಿ, ಮೇಲೆ ಜಮಖಾನೆ ಹಾಸಿದ. ಬೆಳಗಿನ ತಂಪಿನಲ್ಲೇ ಮನೆಗೆ ಮನೆಯೇ ಹತ್ತಿತು. ಮುದುಕಿಯರನ್ನು ಕುರ್ಚಿಯ ಮೇಲೆ ನಿಲ್ಲಿಸಿ ಎತ್ತಿಕೊಂಡರು. ರೊಟ್ಟಿಯ ಬುತ್ತಿ, ಶೇಂಗಾ ಚಟ್ನಿ, ಮೊಸರಿನ ಗಡಿಗೆ, ದೇವಿಗೆ ಸೀರೆ, ಅಡುಗೆಯ ಪಾತ್ರೆ. ಅವ್ವ ಮತ್ತು ಅಣ್ಣ ಮುಂದೆ ಕಾಕಾನ ಪಕ್ಕದಲ್ಲಿ. ನಾವೆಲ್ಲ ಹಿಂದೆ. ದಾಂಡೇಲಿ ಬರುವುದರೊಳಗೆ ಇಬ್ಬರು ಮಕ್ಕಳು ವಾಂತಿ ಮಾಡಿಕೊಂಡಿದ್ದರು, ಸೋದರತ್ತೆ ಮೂರು ಸಲ ಟ್ರಕ್ ನಿಲ್ಲಿಸಿದ್ದಳು. ಕಾಕಾ ಕಿಟಕಿಯಿಂದ ತಲೆ ಹಾಕಿ, "ಬಿದಿರು ಹೇರೂದು ಭಾಳ ಸುಖಾ, ಅದು ಮಾತಾಡಂಗಿಲ್ಲ" ಎಂದ. ಎಲ್ಲರೂ ನಕ್ಕರು. ಯಾವ ಕೆಲಸಕ್ಕೆ ಹೊರಟಿದ್ದೇವೆಂದು ಮರೆತವರ ಹಾಗೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನೀವೂ ನಗುತ್ತಿದ್ದಿರಿ, ವೈನಿ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಹಿಂಬಾಗಿಲ ಹಲಗೆಗೆ ಆತು ಕೂತು, ತಲೆಯ ಸೆರಗು ಜಾರಿದ್ದರೂ ಸರಿಮಾಡಿಕೊಳ್ಳದೆ, ಕಾಳಿ ಹೊಳೆ ದಾಟುವಾಗ ಹೊರಗೆ ಬಾಗಿ ನೋಡಿದಿರಿ. ದಾಂಡೇಲಿ ದಾಟಿದ ಮೇಲೆ ಕಾಡೆಲ್ಲ ಹೊಸ ಚಿಗುರು, ನಡುನಡುವೆ ಕೆಂಪಗೆ ಮುತ್ತುಗ. ನೀವು ಬಾಯೊಳಗೇ ಏನೋ ಹಾಡಿಕೊಳ್ಳುತ್ತಿದ್ದಿರಿ. ನಾನು ಅದನ್ನು ಧೈರ್ಯ ಎಂದುಕೊಂಡೆ. ಪಾಪ, ದುಃಖ ನುಂಗಿಕೊಂಡು ನಗುತ್ತಿದ್ದಾರೆ ಎಂದುಕೊಂಡೆ. ಕೇಳಬಹುದಿತ್ತು. ಮೊಣಕೈ ದೂರದಲ್ಲಿ ಕೂತಿದ್ದೆ — ಕೇಳಬಹುದಿತ್ತು.

ಗುಡಿಯ ಹತ್ತಿರ ಹಳ್ಳದ ದಂಡೆಯಲ್ಲಿ ಕಲ್ಲು ಹೂಡಿ ಒಲೆ ಹಚ್ಚಿದಿರಿ. ಎಳೆ ಹಲಸಿನಕಾಯಿ ಪಲ್ಯ ಆಗಬೇಕಿತ್ತು. ಕೈಗೆ ಎಣ್ಣೆ ಸವರಿಕೊಂಡು ನೀವು ಕಾಯಿ ಹೆಚ್ಚಿದಿರಿ, ಒಸರಿದ ಅಂಟನ್ನು ಒಂದು ಕಡ್ಡಿಗೆ ಸುತ್ತಿ ಪಕ್ಕಕ್ಕಿಟ್ಟಿರಿ. ನಾನು ದೇವಕಣಗಿಲೆ ಹೂವು ಕೊಯ್ದು ತಂದು ಎರಡು ದೊನ್ನೆ ತುಂಬಿದ್ದೆ. ಕಡ್ಡಿ ನೋಡಿದೆ, ದೊನ್ನೆ ನೋಡಿದೆ. ಹೆಚ್ಚು ಯೋಚನೆ ಮಾಡಿದೆನೆಂದು ಸುಳ್ಳು ಹೇಳಲಾರೆ. ಕಡ್ಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗುಡಿಯ ಹಿಂದೆ ಹೋಗಿ, ಬಲದೊನ್ನೆಯ ಒಂದೊಂದು ಹೂವಿನ ತೊಟ್ಟಿಗೂ ಒಂದೊಂದು ಚುಕ್ಕೆ ಇಟ್ಟೆ.

ಗುರವ ಹೂವು ಅಂಟಿಸುವಾಗ ಒಮ್ಮೆ ಬೆರಳು ನೋಡಿಕೊಂಡು ಪಂಚೆಗೆ ಒರೆಸಿದ. ಕಣಗಿಲೆಯ ತೊಟ್ಟಿನಲ್ಲಿ ಹಾಲು ಇರುತ್ತದಲ್ಲ, ಅದೇ ಎಂದುಕೊಂಡಿರಬೇಕು. ಅವ್ವ ಸೆರಗೊಡ್ಡಿ ನಿಂತಳು.

"ತಾಯಿ, ಮನಿತನ ಬೆಳೀಬೇಕು. ಇನ್ನೊಬ್ಬ ಸೊಸಿ ತರಬೇಕಂದ್ರ ಬಲಗಡಿ ಕೊಡು. ಬ್ಯಾಡಂದ್ರ ಎಡಗಡಿ ಕೊಡು."

ಮಕ್ಕಳು ಕೂಡ ಉಸಿರು ಹಿಡಿದು ನಿಂತವು. ನೀವು ಕಂಬದ ಪಕ್ಕದಲ್ಲಿ ಕಣ್ಣು ಮುಚ್ಚಿ ಕೈ ಮುಗಿದಿದ್ದಿರಿ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಭುಜದ ಹೂವು ಸ್ವಲ್ಪ ಜಾರಿತು, ನಿಂತಿತು, ಬಿತ್ತು.

ಅವ್ವ ನಿಮ್ಮನ್ನು ತಬ್ಬಿಕೊಂಡು ಅತ್ತಳು. ಸೋದರತ್ತೆ ನಿಮ್ಮ ಹಣೆಗೆ ಭಂಡಾರ ಹಚ್ಚಿದಳು. ಅಣ್ಣ ಮೊದಲ ಸಲ ತಲೆ ಎತ್ತಿದ. ನೀವು ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಿರಿ. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದು, ಗೆದ್ದೆ ಎಂದು ಬೀಗಿದೆ. ಮರಳುವಾಗ ಟ್ರಕ್ಕಿನಲ್ಲಿ ಹಾಡೋ ಹಾಡು. ನಿಮ್ಮನ್ನು ಎಬ್ಬಿಸಿ ಮುಂದೆ, ಅವ್ವನ ಪಕ್ಕದಲ್ಲಿ ಕೂಡಿಸಿದ್ದರು.

ಅಂದಿನಿಂದ ನೀವು 'ದೇವಿ ಉಳಿಸಿದ ಸೊಸಿ' ಆದಿರಿ. ದೇವಿಯೇ ಇರು ಎಂದ ಮೇಲೆ ಹೋಗುವುದೆಲ್ಲಿಂದ ಬಂತು? ನಿಮ್ಮ ಅಣ್ಣ ಇನ್ನೊಮ್ಮೆ ಬಂದು, ಊಟ ಮಾಡಿ, ಒಬ್ಬರೇ ಇಂದೂರಿನ ಬಸ್ಸು ಹತ್ತಿದರು. ಆ ಜೂನಿನಲ್ಲಿ ನಾನು ಧಾರವಾಡಕ್ಕೆ ಹೋದೆ. ಅವ್ವ ತಕರಾರು ಮಾಡಲಿಲ್ಲ, ಮನೆಗೆಲಸಕ್ಕೆ ನೀವಿದ್ದಿರಿ. ಆಮೇಲೆ ಸನವಳ್ಳಿಯ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ನಿಮ್ಮ ತವರಿನ ತಾಲೂಕಿನಲ್ಲಿ ನಾನು ನನ್ನದೇ ಮನೆ ಮಾಡಿ, ನನ್ನದೇ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ನೀವು ಹಳಿಯಾಳದಲ್ಲಿ ರೊಟ್ಟಿ ಬಡಿಯುತ್ತಿದ್ದಿರಿ.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆ ರಜೆಗೆ ಬಂದಿದ್ದೆ. ಇಬ್ಬರೇ ಹಿತ್ತಲಲ್ಲಿ ಶಾವಿಗೆ ಹೊಸೆಯುತ್ತ ಕೂತಿದ್ದೆವು. ನೀವು ಕೈ ನಿಲ್ಲಿಸದೆ, ನನ್ನ ಮುಖ ನೋಡದೆ ಹೇಳಿದಿರಿ:

"ಶಕ್ಕು, ಆ ದಿನಾ ನಾನೂ ದೇವೀನ್ನ ಬೇಡ್ಕೊಂಡಿದ್ನಿ. ಬಲಗಡಿದು ಬೀಳಲಿ ಅಂತ. ನಮ್ಮಣ್ಣ ನನಗಂತ ಒಂದು ಖೋಲಿ ಮಾಡಿಸಿದ್ದ, ಹೊಲಿಗಿ ಮಿಷನ್ ತಂದಿಟ್ಟಿದ್ದ. ಯಾರ ಮ್ಯಾಲೂ ಸಿಟ್ಟಿಲ್ಲ ನನಗ. ಆದ್ರ ಸಾಕಾಗಿತ್ತು. ಆಕಿಗೂ ನಾ ಬ್ಯಾಡಾದ್ನಿ ನೋಡು."

ನನ್ನ ಕೈಯಲ್ಲಿದ್ದ ಎಳೆ ಹರಿಯಿತು. ಆಗ ಹೇಳಬೇಕಿತ್ತು. ಹಿತ್ತಲಲ್ಲಿ ಬೇರೆ ಯಾರೂ ಇರಲಿಲ್ಲ, ನೀವೇ ಬಾಯಿ ಬಿಟ್ಟಿದ್ದಿರಿ, ಇನ್ನೂ ವಯಸ್ಸಿತ್ತು, ನಿಮ್ಮ ಅಣ್ಣ ಇನ್ನೂ ಇದ್ದರು. ನಾನು "ಹಂಗ್ಯಾಕ ಅಂತೀರಿ ವೈನಿ" ಎಂದು ಹೇಳಿ, ಎದ್ದು ನೀರು ಕುಡಿಯಲು ಹೋದೆ. ಅಷ್ಟೇ ಮಾಡಿದ್ದು. ಮರುದಿನ ರಜೆ ಇನ್ನೂ ಇದ್ದರೂ ಸನವಳ್ಳಿಗೆ ಹೊರಟುಬಿಟ್ಟೆ.

ನನ್ನ ತಪ್ಪು ಇದು. ನಿಮ್ಮನ್ನು ಉಳಿಸಿದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೀವು ಹೋಗಿದ್ದರೆ ಆ ಒಲೆ ನನ್ನ ಪಾಲಿಗೆ ಬರುತ್ತಿತ್ತು, ಧಾರವಾಡ ತಪ್ಪುತ್ತಿತ್ತು. ಗುಡಿಯ ಹಿಂದೆ ನಿಂತು ಅಂಟು ಹಚ್ಚುವಾಗ ನಿಮ್ಮ ಮೇಲಿನ ಪ್ರೀತಿಯೂ ಇತ್ತು, ಇಲ್ಲವೆನ್ನಲಾರೆ. ಆದರೆ ಅದಕ್ಕಿಂತ ಮುಂದೆ ನಾನಿದ್ದೆ. ಅವ್ವ ದೇವಿಯನ್ನು ಕೇಳಿದಳು, ಕಾಕಾ ಅಣ್ಣನನ್ನು ಕೇಳಿದ, ನಾನು ನನ್ನನ್ನೇ ಕೇಳಿಕೊಂಡೆ. ನಿಮ್ಮನ್ನು ಯಾರೂ ಕೇಳಲಿಲ್ಲ. ಅವರನ್ನೆಲ್ಲ ಇಷ್ಟು ಬೈಯುವ ನಾನೂ ಕೇಳಲಿಲ್ಲ.

ಅವ್ವ ಹೋದಳು, ಅಣ್ಣ ಹೋದ, ನನಗೇ ಅರವತ್ತು ದಾಟಿತು. ನೀವು ಇವತ್ತಿಗೂ ಸಂಜೆ ದೀಪ ಹಚ್ಚಿ ಆ ದೇವಿಯ ಪಟದ ಮುಂದೆ ಕೂರುತ್ತೀರಿ ಎಂದು ಮಕ್ಕಳು ಹೇಳುತ್ತಾರೆ. ನಿಮ್ಮನ್ನು ಬೇಡವೆಂದವಳ ಮುಂದೆ! ನನಗೆ ದೇವರಿಲ್ಲ, ನಿಮಗೆ ಇದ್ದಾಳೆ. ಅದಕ್ಕಾಗಿಯಾದರೂ ಇದು ನಿಮಗೆ ತಿಳಿಯಬೇಕು. ಆಕೆ ನಿಮ್ಮ ಮಾತು ತಳ್ಳಿಹಾಕಲಿಲ್ಲ, ವೈನಿ. ನಿಮಗೆ ಬೇಡ ಎಂದವಳು ನಾನು.

ಈ ಚೈತ್ರದಲ್ಲಿ ಎಲ್ಲರೂ ಮತ್ತೆ ಗುಡಿಗೆ ಹೊರಟಿದ್ದಾರಂತೆ. ನಾನೂ ಬರುತ್ತೇನೆ. ಹಳ್ಳದ ದಂಡೆಯಲ್ಲಿ ಊಟಕ್ಕೆ ಕೂತಾಗ ಇದನ್ನೇ ಎದ್ದು ನಿಂತು ಹೇಳುತ್ತೇನೆ, ಯಾರು ಏನೇ ಅನ್ನಲಿ. ನೀವು ಬೈದರೆ ಬೈಸಿಕೊಳ್ಳುತ್ತೇನೆ. ಎದ್ದು ಹೊರಟರೆ, ಎಲ್ಲಿಗಾದರೂ ಸರಿ, ಈ ಸಲ ತಡೆಯುವುದಿಲ್ಲ.