ಮೊದ್ಲಿಂದು ಅಂದರೆ ಯಾವುದು

ನನ್ನ ಕೆಲಸವನ್ನು ಊರಲ್ಲಿ ಯಾರಿಗೂ ವಿವರಿಸಲು ಹೋಗುವುದಿಲ್ಲ. ಕೊಟ್ಟೂರಲ್ಲಿ ಹುಟ್ಟಿದವನು ಹಿಮಾಲಯದ ಹಿಮನದಿಗೆ ಕೊಳವೆ ಇಳಿಸಿ, ಒಳಗಿನ ಮಂಜುಗಡ್ಡೆ ಮೇಲೆತ್ತಿ, ಸಾವಿರಾರು ವರ್ಷದ ಹಿಂದೆ ಮಳೆ ಹೇಗಿತ್ತೆಂದು ಹೇಳುತ್ತಾನೆ ಅಂದರೆ ಜನ ನಗುತ್ತಾರೆ. "ಹಿಂದಿಂದು ಇರ್ಲಿ ಸಾಹೇಬ್ರ, ಈ ವರ್ಷದ್ದು ಹೇಳ್ರಿ" ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಮೂವತ್ತು ವರ್ಷ ಅದನ್ನೇ ಮಾಡಿ ನನಗೂ ಒಳಗೆ ಮರಗಟ್ಟಿದೆ. ಗೆದ್ದರೂ ಅಷ್ಟೆ, ಸೋತರೂ ಅಷ್ಟೆ.

ಹರಪನಹಳ್ಳಿ ಕಡೆಯ ಹುಡುಗಿಯೊಬ್ಬಳು ಪಿಎಚ್‌ಡಿಗೆಂದು ನನ್ನ ಬಳಿ ಸೇರಿದ್ದಳು. ಪ್ರಯೋಗಾಲಯದಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಅವಳಿಗಾಗಿ ಮಂಜುಗಡ್ಡೆ ತೆಗೆಯಲು ಹೋದಾಗ ಅವಳು ಜ್ವರ ಬಂದು ಕೆಳಗಿನ ಬಿಡಾರದಲ್ಲೇ ಉಳಿದಳು. ಹಿಮದಲ್ಲಿ ಮೇಲಿನದು ಹೊಸದು, ಕೆಳಗೆ ಹೋದಷ್ಟೂ ಹಳೆಯದು; ಅದಕ್ಕೇ ಪ್ರತಿ ತುಂಡಿನ ಮೇಲೂ ಯಾವ ತುದಿ ಮೇಲಿನದು ಎಂದು ಬಾಣ ಎಳೆಯುವುದು ರೂಢಿ. ಕೊನೆಯ ತುಂಡಿಗೆ ಬರುವಷ್ಟರಲ್ಲಿ ಪೆನ್ನು ಚಳಿಗೆ ಕೆಟ್ಟಿತು. ಪೆನ್ಸಿಲ್ ಚೂರಿನಿಂದ ಚೀಟಿಯಲ್ಲಿ "ಮೊದ್ಲಿಂದು" ಎಂದು ಗೀಚಿ ಮೇಲಿನ ತುದಿಗೆ ಕಟ್ಟಿದೆ. ಕೊಳವೆಗೆ ಮೊದಲು ಸಿಕ್ಕಿದ್ದು ಎಂಬ ಅರ್ಥದಲ್ಲಿ ಬರೆದದ್ದು. ಬಾಣ ಎಳೆಯಲಿಲ್ಲ.

ಆ ತುಂಡೇ ಮುಖ್ಯದ್ದಾಯಿತು. ಮಳೆ ಕಡಿಮೆಯಾದದ್ದು ಮೊದಲೋ, ಚಳಿ ಹೆಚ್ಚಿದ್ದು ಮೊದಲೋ ಎನ್ನುವುದು ಅದರೊಳಗಿತ್ತು. ಮೂರು ವರ್ಷ ಕೂತು ಅವಳು ಮಳೆಯೇ ಮೊದಲು ಕೈಕೊಟ್ಟಿತು ಎಂದು ತೋರಿಸಿದಳು. ಎಲ್ಲರೂ ಭೇಷ್ ಅಂದರು. ನಾನು ಪುಟ ತಿರುವಿ ಸಹಿ ಹಾಕಿದೆ. ಸರಿಯಾಗಿ ನೋಡಲಿಲ್ಲ, ನೋಡಬೇಕೆಂದೂ ಅನಿಸಲಿಲ್ಲ.

ಸೋಮವಾರ ಅವಳ ಅಂತಿಮ ಪರೀಕ್ಷೆ. ಅದಕ್ಕೆ ಮೊದಲು ನಾಲ್ಕು ದಿನ ರಜೆ ಹಾಕಿ ಇಟ್ಟಿಗಿಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಒಲೆಯ ಮುಂದಿನಿಂದಲೇ ಕೂಗಿದಳು: "ತಮ್ಮಾ, ಒಳಗ ಮೊದ್ಲಿನ ಜ್ವಾಳ ಐತಿ, ಒಂದು ಮರ ತುಂಬ್ಕಂಡು ಬಾ." ಬಾಗಿಲ ಹತ್ತಿರ ಮೊದಲು ಸಿಕ್ಕ ಚೀಲ ಬಿಚ್ಚಿ ಮೊರದ ತುಂಬ ತಂದೆ.

"ಅಯ್ಯ ನಿನ್ನ! ಇದು ಹೊಸಾದಲ್ಲೋ. ಮೊದ್ಲಿಂದು ಅಂದ್ರ ಹೋದ ವರ್ಷದ್ದು, ಹಳೇದು. ಸಾವಿರ ವರ್ಷದ ಐಸ್ ಗುರ್ತು ಹಿಡೀತಾನಂತ, ಮನ್ಯಾಗಿನ ಜ್ವಾಳ ಗುರ್ತು ಸಿಗವಲ್ದು!"

ಭಾವ ಜೋರಾಗಿ ನಕ್ಕರು. ನಾನು ಮೊರ ಕೆಳಗಿಟ್ಟು ಲ್ಯಾಪ್‌ಟಾಪ್ ತೆಗೆದೆ. ಅವಳ ಪ್ರಬಂಧದಲ್ಲಿ ಆ ತುಂಡಿನ ಚಿತ್ರವಿತ್ತು. ಚೀಟಿ ಕಟ್ಟಿದ ತುದಿ ಕೆಳಗಿತ್ತು. ಹಳೆಯದು ಎಂದುಕೊಂಡು ತಲೆಕೆಳಗು ಮಾಡಿ ಓದಿದ್ದಳು. ಅಂದರೆ ಚಳಿಯೇ ಮೊದಲು, ಮಳೆ ಆಮೇಲೆ. ಅವಳು ಬರೆದದ್ದೆಲ್ಲ ಉಲ್ಟಾ.

ಎದೆ ಧಸಕ್ ಅನ್ನಬೇಕಿತ್ತು, ಅನ್ನಲಿಲ್ಲ. ಅಕ್ಕ ರೊಟ್ಟಿ ಬಡಿದು ಹಾಕಿದಳು, ಪುಂಡಿಪಲ್ಯದ ಜೊತೆ ಮೂರು ತಿಂದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಆ ಚೀಟಿ ಓದಬಲ್ಲವರು ನಾವಿಬ್ಬರೇ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣಬೇಕಾದವಳು ಅವಳು. ನನ್ನ ಮೇಲೆ ನನಗೆ ಸಿಟ್ಟಾದರೂ ಬರಲಿ ಎಂದು ಸ್ವಲ್ಪ ಹೊತ್ತು ಕಾದೆ. ಅದೂ ಬರಲಿಲ್ಲ.

ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಅವಳಿಗೆ ಫೋನ್ ಮಾಡಿ ಚೀಟಿಯ ವಿಷಯ ಹೇಳಿದೆ.

"ಮೊದ್ಲಿಂದು ಅಂದ್ರೆ ಹಳೇದಲ್ಲೇನು ಸರ್? ನಮ್ಮನ್ಯಾಗೆ ಹಂಗೇ ಅಂತಾರೆ."

"ನಮ್ಮ ಮನ್ಯಾಗೂ ಹಂಗ ಅಂತಾರವ್ವ. ತಪ್ಪು ನಂದು."

"ಸರ್, ಸೋಮವಾರ ಒಂದು ಮುಗೀಲಿ. ನಮ್ಮಪ್ಪ ಊರ ತುಂಬ ಹೇಳ್ಕಂಡು ಬಂದಾನೆ, ಮಗಳು ಡಾಕ್ಟ್ರು ಆಗ್ತಾಳೆ ಅಂತ. ಆಮೇಲೆ ನಾನೇ ಬರ್ದು ಕೊಡ್ತೀನಿ, ತಪ್ಪಾಗೈತಿ ಅಂತ. ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲೀತನ ಯಾರಿಗೂ ಹೇಳಬ್ಯಾಡ್ರಿ."

"ಹೂಂ" ಎಂದೆ.

ತಪ್ಪನ್ನೆಲ್ಲ ಬರೆದ ಇಮೇಲ್ ಪರೀಕ್ಷಕರಿಗೆ ಹೋಗಿ ಆಗಲೇ ಅರ್ಧ ಗಂಟೆಯಾಗಿತ್ತು. ಅವಳ ದನಿ ಕೇಳಿದರೆ ಕಳಿಸಲಾರೆ ಎಂದು ಫೋನ್ ಮಾಡುವ ಮುಂಚೆಯೇ ಕಳಿಸಿಬಿಟ್ಟಿದ್ದೆ.

"ಥ್ಯಾಂಕ್ಸ್ ಸರ್" ಅಂದಳು.